ನಿಂದು ಬಂದದ್ದೋ, ಈಜಿ ಬಂದದ್ದೋ

ಇದು ಐವತ್ತರ ದಶಕದ ಕೊನೆಯ ಒಂದು ಬೇಸಗೆ ರಜೆ ಎಂದು ಬರೆಯುತ್ತಿದ್ದೇನೆ. ಅರವತ್ತು ದಾಟಿಯೂ ಇದ್ದೀತು. ಕೆರೆಯ ಮೆಟ್ಟಿಲು ನನ್ನ ನೆನಪಿನಲ್ಲಿ ಕಪ್ಪು ಕಲ್ಲಿನದು, ಆದರೆ ಅದು ಕೆಂಪು ಮುರಕಲ್ಲಿನದೇ ಇರಬೇಕು. ಹೊಟ್ಟೆಕಿಚ್ಚಿನ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ನಮ್ಮ ಮನೆ ಬಂಟ್ವಾಳದಲ್ಲಿ. ರಜೆಯಲ್ಲಿ ಅಮ್ಮ ನನ್ನನ್ನು ಮೂಡಬಿದ್ರೆಯ ಸೋದರತ್ತೆಯ ಮನೆಗೆ ಕರೆದುಕೊಂಡು ಹೋಗುತ್ತಿದ್ದಳು. ಅತ್ತೆಯ ಮಗಳಿಗೆ ಹನ್ನೆರಡು, ನನಗಿಂತ ಒಂದು ವರ್ಷ ಚಿಕ್ಕವಳು. ಅವಳು ಊರಿನ ಕೆರೆಗೆ ಒಬ್ಬಳೇ ಈಜಲು ಹೋಗುತ್ತಿದ್ದಳು. ಅಲ್ಲಿನ ಕ್ರಮವೇ ಹಾಗೆ. ಸೊಂಟಕ್ಕೆ ಎರಡು ಒಣ ತೆಂಗಿನಕಾಯಿ ಕಟ್ಟಿಕೊಂಡು ಈಜು ಕಲಿಯಬೇಕು. ಕಾಯಿ ಬಿಚ್ಚಿಟ್ಟು ಆಚೆ ದಡದ ಮೆಟ್ಟಿಲು ಮುಟ್ಟಿ ಬಂದರೆ ಆಮೇಲೆ ಜೊತೆಗೆ ದೊಡ್ಡವರು ಬೇಕಿಲ್ಲ. ಅವಳು ಹಿಂದಿನ ವರ್ಷವೇ ಮುಟ್ಟಿದ್ದಳು. ಆ ರಜೆಯಲ್ಲಿ ನಾನೂ ಮುಟ್ಟಿದೆ. ಆದರೂ ಅಮ್ಮ ನನ್ನೊಬ್ಬಳನ್ನೇ ಬಿಡಲಿಲ್ಲ.

ಅಮ್ಮ ಘಟ್ಟದ ಮೇಲಿನವಳು. ಮದುವೆಯಾಗಿ ಚಾರ್ಮಾಡಿ ಇಳಿದು ಬಂದು, ಮಳೆಗಾಲದ ನೇತ್ರಾವತಿಯನ್ನು ಕಂಡ ಮೇಲೆ ಅವಳಿಗೆ ನೀರೆಂದರೆ ಹೆದರಿಕೆ. ನಾನು ಕೆರೆಗಿಳಿದಾಗಲೆಲ್ಲ ಮೈ ಒರೆಸುವ ಬೈರಾಸು ಹಿಡಿದು ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಅವಳು ಕೂತಿರುವ ತನಕ ಉಳಿದ ಹುಡುಗಿಯರು ಪಿಸುಗುಡುತ್ತಿದ್ದರು. ಒಬ್ಬಳು ನನ್ನನ್ನು ಕೇಳಿಯೇ ಬಿಟ್ಟಳು:

“ನಿನ್ನ ಅಮ್ಮನಿಗೂ ಎರಡು ಕಾಯಿ ಕಟ್ಟುವನಾ ಮಾರಾಯ್ತಿ?”

ಎಲ್ಲರಿಗಿಂತ ಜೋರಾಗಿ ನಕ್ಕವಳು ಅತ್ತೆಯ ಮಗಳು. ಈಜಿನಲ್ಲಿ ಅವಳು ನನಗಿಂತ ಹೆಚ್ಚಿನವಳೇನಲ್ಲ. ಆದರೆ ಮಧ್ಯಾಹ್ನ ಜಡೆಯಿಂದ ನೀರು ತೊಟ್ಟಿಕ್ಕಿಸುತ್ತ ಅವಳು ಊಟಕ್ಕೆ ಬಂದು ಕೂತಾಗ, ಎಲ್ಲಿಗೆ ಹೋಗಿದ್ದೆ, ಯಾರಿದ್ದರು ಎಂದು ಒಬ್ಬರೂ ಕೇಳುತ್ತಿರಲಿಲ್ಲ. ನನಗೆ ಬೇಕಿದ್ದದ್ದು ಅದು.

ಒಂದು ದಿನ ಅಮ್ಮ, ಅತ್ತೆ ಇಬ್ಬರೂ ಹಲಸಿನ ಹಪ್ಪಳ ಒತ್ತುತ್ತಿದ್ದರು. “ಕೆರೆಗೆ ಹೋಗುವ” ಎಂದು ಅತ್ತೆಯ ಮಗಳು ಕರೆದಳು. ನಾನು ಅಮ್ಮನ ಮುಖ ನೋಡಿದೆ. ಅವಳ ಕೈ ತುಂಬ ಹಿಟ್ಟು. ಅತ್ತೆ ತಲೆಯೆತ್ತದೆ ತುಳುವಿನಲ್ಲಿ ಹೇಳಿದರು:

“ಜೋಕುಲು ನೀಂದ್‌ದ್ ಬರ್ಪೆರ್.”

ಮಕ್ಕಳು ಈಜಿ ಬರುತ್ತಾರೆ ಎಂದು. ಅಮ್ಮ, “ಆಯ್ತು, ಬರ್ಲಿ” ಎಂದಳು. ಅವಳ ಮನಸ್ಸು ಬದಲಾಗುವ ಮೊದಲೇ ನಾನು ಓಡಿದೆ.

ತೊಯ್ದು ತೊಪ್ಪೆಯಾಗಿ ಮರಳಿದಾಗ ಅಮ್ಮ ಹಪ್ಪಳದ ಉಂಡೆ ಹಿಡಿದುಕೊಂಡೇ ಎದ್ದಳು.

“ಇದೇನು ಒದ್ದೆ? ನಿಂದು ಬರ್ತಾರೆ ಅಂದ್ರಲ್ಲ ನೀವು! ಮೆಟ್ಟಿಲಲ್ಲಿ ನಿಂದ್ಕೊಂಡು ನೋಡಿ ಬರ್ತಾರೇನೋ ಅಂದ್ಕೊಂಡೆ!”

ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು. “ಅಯ್ಯೋ ದೇವರೇ! ಬರೇ ನಿಲ್ಲಲಿಕ್ಕೆ ಕೆರೆಗೆ ಹೋಗ್ಬೇಕಾ? ಇಲ್ಲಿ ಅಂಗಳದಲ್ಲಿ ಜಾಗ ಇಲ್ವಾ?”

ಅಮ್ಮ ನಗಲಿಲ್ಲ. ಬೈಗುಳಕ್ಕೆ ಕಾದು ನಿಂತಿದ್ದ ನನ್ನನ್ನು ಬಿಟ್ಟು ಅತ್ತೆಯ ಮಗಳ ಕಡೆ ತಿರುಗಿದಳು.

“ನೀನು ಇವಳ ಜೊತೇಲೇ ಇದ್ದೆ ತಾನೆ?”

“ಇದ್ದೆ ಮಾಮಿ. ನಾನು ನೋಡಿಕೊಳ್ತೇನೆ.”

ನೋಡಿಕೊಂಡದ್ದು! ಅವಳು ಬೆನ್ನು ಹಾಕಿ ಗೆಳತಿಯೊಡನೆ ಹರಟುತ್ತಿದ್ದಾಗ ನಾನೊಬ್ಬಳೇ ದಡದಿಂದ ದಡಕ್ಕೆ ಹೋಗಿ ಬಂದಿದ್ದೆ. ಅಮ್ಮ ಕೈ ತೊಳೆದು, ಬೈರಾಸು ತಂದು, ಮೊದಲು ಒರೆಸಿದ್ದು ಅವಳ ತಲೆಯನ್ನು. ಮರುದಿನದಿಂದ ನನಗೆ ಅನುಮತಿ ಸಿಕ್ಕಿತು, ಆದರೆ ಅವಳ ಜೊತೆ ಮಾತ್ರ. ಅವಳಿಗೆ ಜ್ವರ ಬಂದ ದಿನ ನಾನೂ ಜಗಲಿಯಲ್ಲೇ ಕೂತೆ. ನನಗಿಂತ ಚಿಕ್ಕವಳು ನನಗೆ ದೊಡ್ಡವಳಾಗಿದ್ದಳು.

ಮುಂದೆ ಮೈಸೂರಿನ ಹಾಸ್ಟೆಲಿನಲ್ಲಿ ಗೆಳತಿಯರನ್ನು ನಗಿಸಲು ಈ ಕಥೆಯನ್ನು ಎಷ್ಟೋ ಸಲ ಹೇಳಿದೆ. ಹೇಳುತ್ತ ಹೇಳುತ್ತ ಏನೇನು ಸೇರಿಸಿದೆನೋ ತಿಳಿಯದು. ಈಗ ಇನ್ನೊಂದು ಅನುಮಾನ. ಆ ಹೊತ್ತಿಗೆ ಅಮ್ಮ ಬಳೆ ಮಾರುವವಳೊಡನೆ ತುಳುವಿನಲ್ಲೇ ಜಗಳಾಡಿ ಗೆಲ್ಲುತ್ತಿದ್ದಳು. ಅಂಥವಳಿಗೆ ಅತ್ತೆಯ ಒಂದು ಮಾತು ಅರ್ಥವಾಗಲಿಲ್ಲವೇ? ಅಥವಾ ಅರ್ಥವಾಗಿಯೇ ನನ್ನನ್ನು ಬಿಟ್ಟು, ಆಮೇಲೆ ಹೆದರಿದಳೇ? ಹಾಗೆ ನನ್ನನ್ನು ನಂಬಿ ಬಿಟ್ಟಿದ್ದರೆ ಚೆನ್ನಾಗಿತ್ತು ಎಂಬ ಆಸೆಗೆ ನಾನೇ ಈ ಅನುಮಾನವನ್ನು ಹೊಸೆದಿರಲೂಬಹುದು.

ಮೊನ್ನೆ ಅತ್ತೆಯ ಮಗಳು ಬಂಟ್ವಾಳಕ್ಕೆ ಬಂದಿದ್ದಳು. ಅವಳು ಹೋದ ಮೇಲೂ ಅಮ್ಮ ಅವಳ ಜಾಣತನವನ್ನೇ ಹೊಗಳುತ್ತಿದ್ದಳು. ತಡೆಯಲಾಗದೆ ಕೇಳಿದೆ.

“ಅತ್ತೆ ಹೇಳಿದ್ದು ಅರ್ಥವಾಗಿಯೇ ಬಿಟ್ಟದ್ದಾದರೆ, ಅವರ ಮಗಳು ಜೊತೆಗಿಲ್ಲದಿದ್ದರೂ ನನ್ನನ್ನು ಬಿಡ್ತಿದ್ದೆಯಾ ಅಮ್ಮಾ?”