ಬಿಸಿಲಿಲ್ಲದ ದಿನದ ನೆರಳು

ಇಂಥ ಕತೆಗಳನ್ನು ಬೇರೆಯವರು ಹೇಳಿದಾಗ ನಾನು ನಕ್ಕವಳು. ಉಡುಪಿಯಲ್ಲಿ ನಮ್ಮ ತಂದೆಯವರದ್ದು ಫೋಟೋ ಸ್ಟುಡಿಯೋ. ಮದುವೆಯ ಗ್ರೂಪ್ ಫೋಟೋದಲ್ಲಿ ತೀರಿಹೋದ ಅಜ್ಜನ ಮುಖ ಕಾಣುತ್ತದೆ ಎಂದು ಯಾರಾದರೂ ಹೆದರಿ ಓಡಿಬಂದರೆ, ಅದು ನೆಗೆಟಿವ್ ಮೇಲೆ ಉಳಿದ ನೀರಿನ ಕಲೆ ಎಂದು ಅವರು ತೋರಿಸಿ ಕಳುಹಿಸುತ್ತಿದ್ದರು. ನಾನು ಡಾರ್ಕ್ ರೂಮಿನಲ್ಲೇ ಬೆಳೆದೆ ಎಂದರೂ ಸರಿಯೇ. ಕತ್ತಲೆಯಲ್ಲಿ ಏನಾಗುತ್ತದೆ, ಏನಾಗುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಈಗ ಹೇಳುವುದನ್ನು ನಂಬಿ ಎಂದು ನಾನು ನಿಮಗೆ ದುಂಬಾಲು ಬೀಳುವುದಿಲ್ಲ. ಆದರೆ ನಿಮ್ಮ ಸಮಾಧಾನಕ್ಕಾಗಿ ಅದರಲ್ಲಿ ಒಂದು ಅಕ್ಷರವನ್ನೂ ಬದಲಾಯಿಸುವುದಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ನಮ್ಮವರು ಬಹರೈನಿನ ಹಿದ್ ಕಡೆ ಹಡಗು ರಿಪೇರಿಯ ಯಾರ್ಡಿನಲ್ಲಿ ವೆಲ್ಡಿಂಗ್ ಫೋರ್‌ಮನ್. ನಾನು ಮನಾಮದಲ್ಲಿ ರಸ್ತೆ ಮಾಡುವ ಕಂಪನಿಯೊಂದರಲ್ಲಿ ಟೈಪಿಸ್ಟ್. ಪಿರಮಿಡ್‌ಗಳ ಫೋಟೋ ತೆಗೆಯಬೇಕೆಂಬ ಹುಚ್ಚು ನನಗೆ ಚಿಕ್ಕಂದಿನಿಂದ ಇತ್ತು. ಈಜಿಪ್ಟಿಗೆ ಹೋಗುವಷ್ಟು ಅನುಕೂಲ ನಮಗೆಲ್ಲಿತ್ತು? ಅದರ ಬದಲಿಗೆ ಸಿಕ್ಕಿದ್ದು ಬಹರೈನಿನ ದಿಬ್ಬಗಳು. ಸಾವಿರಾರು ವರ್ಷಗಳ ಹಿಂದೆ ಕಲ್ಲು ಮಣ್ಣು ಸೇರಿಸಿ ಕಟ್ಟಿದ ಗೋರಿಗಳು ಅವು, ಕಣ್ಣು ಹಾಯುವವರೆಗೂ ಇದ್ದವು. ಈಗ ಹಮದ್ ಟೌನ್ ಇರುವಲ್ಲಿ ಮನೆಗಳಿಗೆ, ರಸ್ತೆಗಳಿಗೆ ಜಾಗ ಬೇಕೆಂದು ಅವುಗಳಲ್ಲಿ ಎಷ್ಟನ್ನೋ ಸಮ ಮಾಡುತ್ತಿದ್ದರು.

ನಮ್ಮ ಆಫೀಸಿನ ಹಿರಿಯ ಮ್ಯಾನೇಜರರನ್ನು ಎಲ್ಲರೂ ಅಬು ಖಾಲಿದ್ ಎನ್ನುತ್ತಿದ್ದರು. ಅಲ್ಲಿನವರೇ, ಬೊಂಬಾಯಿಯಲ್ಲಿ ಓದಿದವರು, ಹಿಂದಿ ನನಗಿಂತ ಚೆನ್ನಾಗಿ ಬರುತ್ತಿತ್ತು. ಕಂಪನಿ ಕೆಡವುವ ದಿಬ್ಬಗಳದ್ದೊಂದು ಆಲ್ಬಮ್ ಮಾಡಿಡಬೇಕೆಂಬುದು ಅವರ ಸ್ವಂತ ಆಸೆ. ಪ್ರತಿ ಫೋಟೋದ ಕೆಳಗೆ ದಿನ, ಹೊತ್ತು, ಹವೆ ಬರೆಯಬೇಕು. ಒಂದು ದೊಡ್ಡ ದಿಬ್ಬ ಮಾತ್ರ ಬಾಕಿ ಉಳಿದಿತ್ತು, ಶನಿವಾರ ಬೆಳಿಗ್ಗೆ ಅದಕ್ಕೆ ಬುಲ್ಡೋಜರ್ ಬರುವುದಿತ್ತು. ಗುರುವಾರ ನಾನೇ ಅವರ ಕೋಣೆಗೆ ಹೋಗಿ, ನಾನು ತೆಗೆದುಕೊಡುತ್ತೇನೆ ಎಂದೆ. ನಾನು ತೆಗೆಯದಿದ್ದರೆ ಆ ದಿಬ್ಬ ಹೀಗಿತ್ತು ಎಂದು ಹೇಳಲು ಏನೂ ಉಳಿಯುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಶುಕ್ರವಾರ ಎದ್ದು ನೋಡಿದರೆ ಶಮಾಲ್, ಅಂದರೆ ಉತ್ತರದ ಗಾಳಿ. ಕಿಟಕಿಯ ಆಚೆ ಎದುರಿನ ಮನೆಯೂ ಕಾಣದಷ್ಟು ಧೂಳು. ಬೆಳಗಿನ ಡ್ಯೂಟಿ ಮುಗಿಸಿ ನಮ್ಮವರು ಊಟಕ್ಕೆ ಬರುವಾಗಲೂ ಹಾಗೆಯೇ ಇತ್ತು.

"ಈ ಧೂಳಲ್ಲಿ ಎಂತ ಫೋಟೋ ಮಾರಾಯ್ತಿ? ಅದೂ ಯಾರದ್ದೋ ಗೋರಿದ್ದು," ಎಂದರು.

"ನಾಳೆ ಆ ಗೋರಿಯೇ ಇರುದಿಲ್ಲ. ನೀವು ಬರುದಾದ್ರೆ ಬನ್ನಿ, ಇಲ್ಲದಿದ್ರೆ ನಾನು ಟ್ಯಾಕ್ಸಿ ಮಾಡಿ ಹೋಗ್ತೇನೆ," ಎಂದೆ. ಅವರು ಗೊಣಗುತ್ತಲೇ ಕಾರಿನ ಕೀ ತೆಗೆದುಕೊಂಡರು.

ನಾವು ತಲುಪಿದಾಗ ಮಧ್ಯಾಹ್ನ ಕಳೆದಿತ್ತು. ಆಕಾಶ ಕಷಾಯದ ಬಣ್ಣ. ಸೂರ್ಯ ಎಲ್ಲಿದ್ದಾನೆ ಎಂದೂ ತಿಳಿಯುತ್ತಿರಲಿಲ್ಲ. ದಿಬ್ಬದ ಸುತ್ತ ಸರ್ವೆಯವರು ಹಿಂದಿನ ಸಂಜೆಯಷ್ಟೇ ಹೊಡೆದ ಗೂಟಗಳು, ಅವುಗಳ ತುದಿಯಲ್ಲಿ ಬಟ್ಟೆಯ ಚೂರುಗಳು ಪಟಪಟ ಹೊಡೆದುಕೊಳ್ಳುತ್ತಿದ್ದವು. ಕಾರಿನೊಳಗೇ ಕೂತು ತಂದೆಯವರ ಹಳೆಯ ಕ್ಯಾಮೆರಾಕ್ಕೆ ಹೊಸ ರೋಲ್ ಹಾಕಿದೆ. ದಿಬ್ಬದ ಎತ್ತರ ತಿಳಿಯಲೆಂದು ನಮ್ಮವರನ್ನು ಅದರ ಪಕ್ಕ ನಿಲ್ಲಿಸಿದೆ. ಅವರು ಮುಖಕ್ಕೆ ಬೈರಾಸು ಸುತ್ತಿಕೊಂಡು ಕಣ್ಣಷ್ಟೇ ಬಿಟ್ಟು ನಿಂತರು. ಬೆಳಕು ಸಾಲದ್ದರಿಂದ ಲೆನ್ಸ್ ಪೂರ್ತಿ ತೆರೆದು, ಶಟರನ್ನು ತೀರ ನಿಧಾನಕ್ಕಿಟ್ಟು, ಸ್ಟ್ಯಾಂಡನ್ನು ಅಪ್ಪಿಹಿಡಿದು ರೋಲ್ ಮುಗಿಸಿದೆ. ಅಲ್ಲಿ ವಿಚಿತ್ರವಾದದ್ದು ಏನೂ ಆಗಲಿಲ್ಲ. ಯಾರೂ ಕರೆಯಲಿಲ್ಲ, ಏನೂ ಕಾಣಿಸಲಿಲ್ಲ. ಹಲ್ಲಿನ ಸಂದಿಯಲ್ಲಿ ಮರಳು ಸೇರಿಕೊಂಡದ್ದು ಬಿಟ್ಟರೆ ನಾವು ಹೋದ ಹಾಗೆಯೇ ಮರಳಿದೆವು.

ಸಂಜೆ ಬಚ್ಚಲುಮನೆಯ ಕಿಂಡಿಗೆ ಕಂಬಳಿ ಹೊದಿಸಿ ನಾನೇ ರೋಲ್ ತೊಳೆದೆ, ನಾನೇ ಪ್ರಿಂಟ್ ಹಾಕಿದೆ. ಕೆಂಪು ಬಲ್ಬಿನ ಕೆಳಗೆ ಚಿತ್ರ ಮೂಡಿತು. ದಿಬ್ಬ ಬಿಸಿಲಿನಲ್ಲಿ ನಿಂತಿತ್ತು. ಒಂದೊಂದು ಕಲ್ಲೂ ಸ್ಪಷ್ಟ, ಹಿಂದೆ ಚೊಕ್ಕ ಆಕಾಶ. ಬೈರಾಸು ಸುತ್ತಿಕೊಂಡ ನಮ್ಮವರ ಕಾಲ ಬುಡದಿಂದ ಉದ್ದನೆಯ ಕಪ್ಪು ನೆರಳು ಪಶ್ಚಿಮಕ್ಕೆ ಬಿದ್ದಿತ್ತು. ರೋಲಿನ ಉಳಿದ ಚಿತ್ರಗಳೂ ಹೀಗೆಯೇ ಇದ್ದವು. ಮಧ್ಯಾಹ್ನದ ಮೇಲೆ ಬಹರೈನಿನಲ್ಲಾಗಲಿ ಉಡುಪಿಯಲ್ಲಾಗಲಿ ನೆರಳು ಪಶ್ಚಿಮಕ್ಕೆ ಬೀಳುವುದಿಲ್ಲ. ಇನ್ನೂ ಒಂದು ಮಾತು. ನಾನು ಕ್ಯಾಮೆರಾ ಇಟ್ಟುಕೊಂಡಿದ್ದ ರೀತಿಗೆ ಅಂಥ ಬಿಸಿಲು ನಿಜವಾಗಿ ಬಿದ್ದಿದ್ದರೆ ಫಿಲ್ಮ್ ಸುಟ್ಟಂತಾಗಿ ಏನೂ ಕಾಣುತ್ತಿರಲಿಲ್ಲ. ನನಗೆ ಹೆದರಿಕೆಯಾಯಿತು. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಶನಿವಾರ ನಾನು ಆಫೀಸು ತಲುಪುವಾಗ ದಿಬ್ಬ ಹೋಗಿಯಾಗಿತ್ತು. ಅಬು ಖಾಲಿದ್ ಫೋಟೋ ನೋಡಿ ಮಗುವಿನಂತೆ ಖುಷಿಪಟ್ಟರು. ಆಮೇಲೆ ಕೆಳಗೆ ನಾನು ಬರೆದದ್ದನ್ನು ಓದಿದರು.

"ಸಿಸ್ಟರ್, ಇದು ಬೆಳಗಿನ ಬಿಸಿಲು. ಹಿಂದೆ ಯಾವಾಗಲೋ ತೆಗೆದದ್ದು ಕೊಟ್ಟಿದ್ದೀರಿ. ಪರವಾಗಿಲ್ಲ, ಆ ದಿನವನ್ನೇ ಬರೆಯಿರಿ," ಎಂದರು ಹಿಂದಿಯಲ್ಲಿ.

ನಾನು ಫೋಟೋದಲ್ಲಿದ್ದ ಗೂಟಗಳನ್ನು ತೋರಿಸಿದೆ. ಗುರುವಾರ ಸಂಜೆ ಅವರ ಜನರೇ ಹೊಡೆದ ಗೂಟಗಳು. ಅವರು ಫೋಟೋವನ್ನು ಬೆಳಕಿಗೆ ಹಿಡಿದು ಗೂಟಗಳನ್ನು ಒಂದೊಂದಾಗಿ ಎಣಿಸಿದರು. ಕೊನೆಗೆ ಮೆಲ್ಲಗೆ, "ಶುಕ್ರವಾರ ಬೆಳಿಗ್ಗೆ, ಶುಭ್ರ ಆಕಾಶ ಅಂತ ಬರೆದುಬಿಡಿ. ನೀವು ಬರೆದದ್ದನ್ನು ಹಾಕಿದರೆ ನೋಡಿದವರು ಇಡೀ ಆಲ್ಬಮ್ಮನ್ನೇ ಸುಳ್ಳು ಅನ್ನುತ್ತಾರೆ. ಹತ್ತು ವರ್ಷ ಕಳೆದರೆ ಆ ಶುಕ್ರವಾರ ಹೇಗಿತ್ತೆಂದು ಯಾರು ಕೇಳುತ್ತಾರೆ?" ಎಂದರು.

"ನಾನು ಕೇಳುತ್ತೇನೆ ಸಾರ್," ಎಂದೆ.

ಅವರು ಬೈಯಲಿಲ್ಲ. ಫೋಟೋವನ್ನು ನನ್ನ ಕಡೆ ಸರಿಸಿದರು, ಅಷ್ಟೇ. ಆಲ್ಬಮ್ಮಿನಲ್ಲಿ ಆ ದಿಬ್ಬ ಇಲ್ಲ. ನಿನ್ನ ಹಟಕ್ಕೆ ಒಂದು ಗೋರಿಯ ಗುರುತೇ ಹೋಯಿತು ಎಂದು ನಮ್ಮವರು ಅಂದೂ ಬೈದರು, ಇಂದೂ ಅನ್ನುತ್ತಾರೆ. ಆ ಮಾತು ಚುಚ್ಚುತ್ತದೆ, ಸುಳ್ಳೇಕೆ ಹೇಳಲಿ. ತಿಳಿದವರು ಎನಿಸಿಕೊಂಡವರೆಲ್ಲ ಆ ಫೋಟೋ ನೋಡಿದ್ದಾರೆ. ಒಬ್ಬರು ರೋಲ್ ಅದಲುಬದಲಾಗಿದೆ ಎಂದರು, ಇನ್ನೊಬ್ಬರು ಶಾಂತಿ ಮಾಡಿಸಿ ಎಂದರು. ನಾನು ರೋಲೂ ಬದಲಿಸಿಲ್ಲ, ಶಾಂತಿಯನ್ನೂ ಮಾಡಿಸಿಲ್ಲ.

ಮರುದಿನ ನೆಲಸಮವಾಗಬೇಕಿದ್ದ ದಿಬ್ಬವೊಂದು ತನ್ನ ಕೊನೆಯ ಮಧ್ಯಾಹ್ನ ಎಲ್ಲಿಂದಲೋ ಬೆಳಗಿನ ಬಿಸಿಲು ತಂದುಕೊಂಡು ನನ್ನ ಕ್ಯಾಮೆರಾದ ಎದುರು ನಿಂತಿತು. ಹೇಗೆ ಎಂದು ಕೇಳಬೇಡಿ, ನನಗೆ ಗೊತ್ತಿಲ್ಲ. ಆದರೆ ಅದನ್ನು ಮಾಮೂಲಿ ಬಿಸಿಲು ಎಂದು ನನ್ನ ಕೈಯಾರೆ ಬರೆದುಕೊಟ್ಟಿದ್ದರೆ, ಬುಲ್ಡೋಜರ್ ಮುಟ್ಟದೆ ಬಿಟ್ಟದ್ದನ್ನು ನಾನು ಕೆಡವಿದ ಹಾಗಾಗುತ್ತಿತ್ತು. ಫೋಟೋ ನನ್ನ ಹತ್ತಿರವೇ ಇದೆ, ಬೇಕಾದವರು ಬಂದು ನೋಡಬಹುದು. ಕೆಳಗೆ ನಾನು ಅಂದು ಬರೆದದ್ದೂ ಹಾಗೆಯೇ ಇದೆ. ಶುಕ್ರವಾರ, ಮಧ್ಯಾಹ್ನದ ಮೇಲೆ, ಧೂಳು. ಬಿಸಿಲು ಇರಲಿಲ್ಲ.