ಅಪ್ಪ ಆದಿಯನ್ನು ಒಪ್ಪಿಕೊಂಡ ಭಾನುವಾರ

ಅಥವಾ ಅದು ಭಾನುವಾರವೇ ಆಗಿರಲಿಲ್ಲವೇನೋ. ಅಪ್ಪ ಮನೆಯಲ್ಲಿದ್ದರು, ಶಾಲೆ ಇರಲಿಲ್ಲ, ಆದ್ದರಿಂದ ಭಾನುವಾರ ಎಂದು ನಾನೇ ಆಮೇಲೆ ಸೇರಿಸಿಕೊಂಡದ್ದಿರಬೇಕು. ಅಮ್ಮನ ಲೆಕ್ಕದಲ್ಲಿ ಅದು ಹುತ್ತರಿ ಹಬ್ಬದ ರಜೆ. ಕಣದಲ್ಲಿ ಕಾಫಿ ಹಣ್ಣು ಒಣಗುತ್ತಿತ್ತು ಎಂಬುದು ಮಾತ್ರ ಇಬ್ಬರ ನೆನಪಿನಲ್ಲೂ ಇತ್ತು. ಅದೊಂದನ್ನು ನಂಬುತ್ತೇನೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಹತ್ತು ವರ್ಷದ ಆಸುಪಾಸು. ಅಪ್ಪ ಗಾಳಿಬೀಡಿನಲ್ಲಿ ಶಾಲಾ ಮಾಸ್ತರರು, ಜೊತೆಗೆ ನಮಗೆ ಒಂದಿಷ್ಟು ಕಾಫಿ ತೋಟ. ನಾನು ಕಾಲೇಜಿನಿಂದ ರಜೆಗೆ ಬಂದಿದ್ದೆ. ಊರಿನಲ್ಲಿ ಅಪ್ಪನ ಮಾತು ನಡೆಯುತ್ತಿತ್ತು. ಗದ್ದೆಗೆ ನೀರು ತಿರುಗಿಸುವ ಸರದಿಯಲ್ಲಿ ಜಗಳವಾದರೆ ಎರಡೂ ಕಡೆಯವರು ನಮ್ಮ ಜಗಲಿಗೆ ಬಂದು ಕೂರುತ್ತಿದ್ದರು. ಜಗಳ ಮುಗಿದ ಮೇಲೆ ಅಪ್ಪ ಆಕಾಶದ ವಿಷಯ ಹೇಳುತ್ತಿದ್ದರು. ಯಾರೂ ಕೇಳದಿದ್ದರೂ ಹೇಳುತ್ತಿದ್ದರು.

ಹೇಳುತ್ತಿದ್ದುದು ಒಂದೇ: ವಿಶ್ವಕ್ಕೆ ಆದಿ ಇಲ್ಲ. ನಕ್ಷತ್ರಗಳ ಗುಂಪುಗಳು ಒಂದರಿಂದೊಂದು ದೂರ ಸರಿಯುತ್ತಿವೆ, ಅದು ನಿಜ. ಆದರೆ ತೆರವಾದ ಜಾಗದಲ್ಲಿ ಹೊಸ ದ್ರವ್ಯ ಚೂರುಚೂರೇ ಹುಟ್ಟುತ್ತಿರುತ್ತದೆ. ಹಾಗಾಗಿ ಯಾವ ಕಾಲದಲ್ಲಿ ನೋಡಿದರೂ ವಿಶ್ವ ಹೀಗೇ. "ಭಾಗಮಂಡಲದಲ್ಲಿ ನೋಡಿದ್ದೀರಲ್ಲ, ನೀರು ಹೋಗ್ತಾ ಉಂಟು, ಹೊಳೆ ಅಲ್ಲೇ ಉಂಟು" ಎನ್ನುತ್ತಿದ್ದರು. ಇಂಗ್ಲೆಂಡಿನ ಕೆಲವು ವಿಜ್ಞಾನಿಗಳ ಈ ವಾದವನ್ನು ಅವರು ಮಡಿಕೇರಿಯ ವಾಚನಾಲಯದಲ್ಲಿ ಓದಿದ್ದರು. ಊರಿನವರಿಗೂ ಅದು ಹಿಡಿಸಿತ್ತು. ತಲೆ ಕೆಡಿಸಿಕೊಳ್ಳಬೇಕಾದದ್ದು ಅದರಲ್ಲಿ ಏನೂ ಇರಲಿಲ್ಲ.

ಆಮೇಲೆ ಅದೇ ವಾಚನಾಲಯದಲ್ಲಿ ಇನ್ನೊಂದು ಸುದ್ದಿ ಓದಿ ಬಂದರು. ಅಮೆರಿಕದಲ್ಲಿ ಇಬ್ಬರು ವಿಜ್ಞಾನಿಗಳು ದೊಡ್ಡದೊಂದು ಆಂಟೆನಾವನ್ನು ಎತ್ತ ತಿರುಗಿಸಿದರೂ ಒಂದೇ ಸಮನೆ ಸಣ್ಣದೊಂದು ಸದ್ದು ಬರುತ್ತಿತ್ತಂತೆ. ವಿಶ್ವವೆಲ್ಲ ಒತ್ತೊತ್ತಾಗಿ, ಕುದಿಯುವಷ್ಟು ಬಿಸಿಯಾಗಿದ್ದ ಕಾಲದ ಶಾಖದ ಉಳಿಕೆ ಅದು ಎಂದು ತಿಳಿದವರು ಹೇಳಿದ್ದರಂತೆ. ಅಂದರೆ ಹಾಗೊಂದು ಕಾಲ ಇತ್ತು. ಅಂದರೆ ಆದಿ ಇತ್ತು.

"ಊರಿಗೆ ಹೇಳಿಬಿಡ್ಬೇಕು" ಅಂದರು ಅಪ್ಪ.

"ನಿಮ್ಮನ್ನ ಯಾರಾದ್ರೂ ಕೇಳಿದ್ರಾ?" ಅಮ್ಮ ಅಕ್ಕಿ ಆರಿಸುತ್ತಿದ್ದಳು. "ಇಷ್ಟು ವರ್ಷ ಒಂದು ಹೇಳಿ ಈಗ ಇನ್ನೊಂದು ಹೇಳಿದ್ರೆ, ನಾಳೆ ನೀರಿನ ಸರದೀಲೂ ಮಾಷ್ಟ್ರು ಮಾತು ಬದಲಾಯಿಸ್ತಾರೆ ಅಂತಾರೆ. ಆಮೇಲೆ ಈ ಜಗಲಿಗೆ ಯಾರು ಬರ್ತಾರೆ?"

ಅಪ್ಪನಿಗೂ ಅದೇ ಭಯವಿತ್ತು. ನಾಲ್ಕು ಜನ ಬಂದು ಕೂರುವ ಆ ಜಗಲಿ ಬಿಟ್ಟರೆ ಅವರಿಗೆ ಬೇರೆ ಹೆಮ್ಮೆ ಇರಲಿಲ್ಲ.

ಆ ದಿನ ಕಣದ ಅಂಚಿನಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಆಗಿದ್ದ ನನ್ನ ಸೋದರಮಾವ ಕೂತಿದ್ದರು. ಪಕ್ಕದ ಮನೆಯ ಅಜ್ಜಿ ಹಣ್ಣು ಹರಡಲು ಬಂದಿದ್ದರು. ಇನ್ನೂ ಒಂದಿಬ್ಬರಿದ್ದರು, ಅವರ ಮುಖ ಕಾಣುತ್ತಿಲ್ಲ. ರಾತ್ರಿ ಗೋಣಿ ತಟ್ಟು ಮುಚ್ಚಿದ್ದ ರಾಶಿಯನ್ನು ಆಗಷ್ಟೇ ತೆರೆದಿದ್ದೆವು. ಅಪ್ಪ ಹರಡುವ ಕೋಲನ್ನು ನನ್ನ ಕೈಯಿಂದ ತೆಗೆದುಕೊಂಡರು ಎಂದು ಬರೆಯಲು ಹೊರಟಿದ್ದೆ. ಬರೆದರೆ ಚೆನ್ನಾಗಿ ಕಾಣುತ್ತದೆ, ಅದಕ್ಕೇ ಅನುಮಾನ. ಅಜ್ಜಿಯೇ ಹರಡುತ್ತಿದ್ದಿರಬೇಕು, ಅಪ್ಪ ಬೆರಳು ತೋರಿಸಿದ್ದಿರಬೇಕು.

"ಈ ರಾಶಿ ನೋಡಿ. ಮೊದಲು ಎಲ್ಲಾ ಹೀಗೆ ಒಟ್ಟಿಗೆ ಇತ್ತು. ಈಗ ಹರಡ್ತಾ ಉಂಟು. ನೀವು ಯಾವ ಹಣ್ಣಿನ ಮೇಲೆ ಕೂತು ನೋಡಿದ್ರೂ ಬೇರೆ ಹಣ್ಣೆಲ್ಲ ನಿಮ್ಮಿಂದ ದೂರ ಹೋಗ್ತದೆ. ನಾನು ಮೊದಲು ಹೇಳಿದ್ದು ತಪ್ಪು. ಆದಿ ಉಂಟು."

ಮಾವ ಬೀಡಿ ಕೆಳಗಿಟ್ಟರು. "ಅಲ್ಲ ಭಾವ, ಹತ್ತು ವರ್ಷ ಇಲ್ಲ ಅಂದ್ರಿ. ಈಗ ಉಂಟು ಅಂತೀರಿ. ಇನ್ನು ಹತ್ತು ವರ್ಷಕ್ಕೆ ಎಂತ ಹೇಳ್ತೀರಿ?"

"ಆಗ ಎಂತ ಗೊತ್ತಾಗ್ತದೋ ಅದನ್ನ."

"ನಮ್ಮ ಎಸ್ಟೇಟಿನ ದೊರೆ ಹಾಗೆ ಮಾತು ಬದಲಾಯಿಸಿದ್ರೆ ಹಣ್ಣಿನ ಪಿಕ್ಕಿಂಗ್ ನಡೆದ ಹಾಗೇ."

ಯಾರೋ ನಕ್ಕರು. ಅಪ್ಪನ ಕಿವಿ ಕೆಂಪಾಯಿತು. ಅಜ್ಜಿ ಮಾತ್ರ ಕೈ ನಿಲ್ಲಿಸದೆ, "ಸಂಜೆಗೆ ಒಟ್ಟು ಮಾಡೋದು ಯಾರು ಮಾಷ್ಟ್ರೇ?" ಎಂದರು.

"ಒಟ್ಟು ಮಾಡೋದು ಇಲ್ಲ ಅಜ್ಜಿ. ಹರಡ್ತಾನೇ ಹೋಗ್ತದೆ."

"ಹರಡಿ ಬಿಟ್ರೆ ಮಂಜು ಬಿದ್ದು ಬೂಸಲು ಹಿಡೀತದೆ. ಅಷ್ಟು ದೊಡ್ಡದು ಮಾಡಿದವನಿಗೆ ಅದು ಗೊತ್ತಿಲ್ವಾ?"

"ಅಲ್ಲಿ ಮಂಜು ಬೀಳೋದಿಲ್ಲ."

"ನೀವು ನೋಡಿದ್ದೀರಾ?"

ಮಾವನೂ ಅಜ್ಜಿಯ ಕಡೆ ಸೇರಿದರು. ಹರಡಿದ ಕಾಫಿಯನ್ನು ಹಾಗೇ ಬಿಟ್ಟು ಹೋಗುವವರುಂಟೇ? ಬೆಳಿಗ್ಗೆ ಹರಡಬೇಕು, ಸಂಜೆ ರಾಶಿ ಮಾಡಬೇಕು, ಮರುದಿನ ಮತ್ತೆ ಹರಡಬೇಕು. ಹಾಗಾದರೆ ಇವತ್ತಿನ ರಾಶಿ ಮೊದಲನೆಯದು ಎಂದು ಹೇಳುವುದು ಹೇಗೆ? ಅಪ್ಪ ಕೊಟ್ಟ ಆದಿಯನ್ನು ಕಣದವರು ಒಂದೇ ಗಳಿಗೆಯಲ್ಲಿ ಸಾವಿರ ಬೆಳಗುಗಳನ್ನಾಗಿ ಮಾಡಿಬಿಟ್ಟರು. ಹೋಲಿಕೆ ಅಪ್ಪನ ಕೈತಪ್ಪಿ ಹೋಗಿತ್ತು. ಬೇರೆ ಊರಿನಲ್ಲಿ ಬೇರೇನನ್ನಾದರೂ ತೋರಿಸಿದ್ದರೆ ಹೀಗಾಗುತ್ತಿರಲಿಲ್ಲ.

ಅಪ್ಪ ನಕ್ಕರು. ವಿಶ್ವ ಹಿಗ್ಗಿ ಮತ್ತೆ ಕುಗ್ಗುತ್ತದೆ, ಮತ್ತೆ ಹಿಗ್ಗುತ್ತದೆ ಎನ್ನುವ ವಿಜ್ಞಾನಿಗಳೂ ಇದ್ದಾರೆ, ಇನ್ನೂ ತೀರ್ಮಾನವಾಗಿಲ್ಲ ಎಂದು ಒಪ್ಪಿಕೊಂಡರು.

"ಹಾಗೆ ಹೇಳಿ" ಅಂದರು ಅಜ್ಜಿ. ಅದೇ ಉಸಿರಿನಲ್ಲಿ, "ಮಂಗಳವಾರ ಒಮ್ಮೆ ಗದ್ದೆ ಹತ್ರ ಬರ್ಬೇಕು ಮಾಷ್ಟ್ರೇ. ಮೇಲಿನ ಮನೆಯವ್ರು ಪುನಃ ನೀರು ಕಟ್ಟಿದ್ದಾರೆ. ನೀವು ಹೇಳಿದ್ರೆ ಕೇಳ್ತಾರೆ."

ಅಪ್ಪ ಜಗಲಿಯಲ್ಲಿ ಕೂತಿದ್ದ ಅಮ್ಮನ ಕಡೆ ನೋಡಿದರು. ಅಮ್ಮ ಕಾಫಿ ತರಲು ಒಳಗೆ ಹೋದಳು. ಆ ದಿನದ ಬಿಸಿಲು ಹಿತವಾಗಿತ್ತು ಎಂದು ನೆನಪು. ಆ ಹಿತ ಬಿಸಿಲಿನದೋ, ಅಪ್ಪನ ಮುಖದ್ದೋ ಈಗ ಬೇರೆ ಮಾಡಲಾರೆ.

ಮುಂದೆಯೂ ಜನ ಬಂದರು, ಜಗಳಗಳು ಮುಗಿದವು, ಆಕಾಶದ ಮಾತೂ ನಡೆಯಿತು. ಆದರೆ ಅಪ್ಪ ಆದಿ ಉಂಟು ಎಂದಾಗಲಿ ಇಲ್ಲ ಎಂದಾಗಲಿ ಬಾಯಿಬಿಟ್ಟು ಹೇಳಿದ್ದನ್ನು ನಾನು ಮತ್ತೆ ಕೇಳಿಲ್ಲ. ಅಜ್ಜಿಯ ಮಾತನ್ನು ಅವರು ನಿಜವಾಗಿ ಒಪ್ಪಿದ್ದರೋ, ಜಗಲಿ ಉಳಿಯಿತಲ್ಲ ಎಂಬ ಸಮಾಧಾನಕ್ಕೆ ಬಿಟ್ಟುಕೊಟ್ಟಿದ್ದರೋ ನನಗೆ ಗೊತ್ತಿಲ್ಲ. ಅವರಿದ್ದಾಗ ಕೇಳಬಹುದಿತ್ತು, ಕೇಳಲಿಲ್ಲ. ವಿಶ್ವ ಹೇಗೆ ಶುರುವಾಯಿತು, ಶುರುವಾದದ್ದು ಹೌದೇ ಎಂಬುದು ನನಗೂ ಗೊತ್ತಿಲ್ಲ.