ವ್ಯಾನಿನ ಗೋಡೆಯೊಳಗಿನ ಕೈಲಾಸ

ಕೊರೋನಾ ಮುಗಿದು ಎರಡನೇ ವರ್ಷ. ಮೂಡಲಪಾಳ್ಯದ ನಮ್ಮ ಕುಶನ್ ಅಂಗಡಿಯನ್ನು ಆಗ ನಾನೇ ನಡೆಸುತ್ತಿದ್ದೆ. ಮಕ್ಕಳೇ, ನಿಮ್ಮ ತಾತ ತೀರಿಕೊಂಡ ಮೇಲೆ ಅದು ನನ್ನ ಪಾಲಿಗೆ ಬಂದ ಕೆಲಸ. ಅವರಿದ್ದಾಗ ನಾನು ಹಿಂದಿನ ಕೋಣೆಯಲ್ಲಿ ಕೂತು ಕಾರು, ವ್ಯಾನುಗಳ ಸೀಟ್ ಕವರ್ ಹೊಲಿಯುತ್ತಿದ್ದೆ. ಗಿರಾಕಿಗಳ ಜೊತೆ ಮಾತೆಲ್ಲ ಅವರದು. ಮಾಗಡಿ ಕಡೆಯ ಹಳ್ಳಿ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವಳು ನಾನು. ಮುಂದಿನ ಕೋಣೆಗೆ ಬಂದ ಮೇಲೂ ಬಹಳ ದಿನ ಗಿರಾಕಿಯ ಮುಖ ನೋಡದೆ, ಅವರ ಗಾಡಿಯ ಸೀಟು ನೋಡಿಕೊಂಡೇ ಉತ್ತರ ಹೇಳುತ್ತಿದ್ದೆ. ಕೆಲಸದ ವಿಷಯದಲ್ಲಿ ಮಾತ್ರ ನನಗೆ ಅಂಜಿಕೆ ಇರಲಿಲ್ಲ. ಪ್ಲೈವುಡ್ ಕೆಲಸ, ಫಿಟ್ಟಿಂಗ್ ನೋಡಿಕೊಳ್ಳಲು ಸಿದ್ದಣ್ಣ ಇದ್ದ. ತಾತನ ಕಾಲದಿಂದಲೂ ನಮ್ಮಲ್ಲೇ ಇದ್ದವನು, ನನಗಿಂತ ಚಿಕ್ಕವನು, ನನ್ನ ಪಾಲಿನ ಮಾತನ್ನೂ ಸೇರಿಸಿ ಆಡುವವನು.

ಗಣಪತಿ ಹಬ್ಬ ಕಳೆದ ವಾರದಲ್ಲಿ ರಾಜರಾಜೇಶ್ವರಿನಗರದಿಂದ ಗಂಡ ಹೆಂಡತಿ ಒಂದು ಹಳೆಯ ವ್ಯಾನ್ ತಂದು ನಿಲ್ಲಿಸಿದರು. ಶಾಲೆ ಮಕ್ಕಳನ್ನು ಹೊತ್ತು ಸವೆದ ಉದ್ದನೆಯ ಗಾಡಿ. ಗಂಡ ಪ್ರಕಾಶ್ ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕ ನೋಡುವವರು. ಹೆಂಡತಿ ಸುಧಾ ಹೈಸ್ಕೂಲ್ ಟೀಚರ್. ಅದನ್ನು ಕ್ಯಾಂಪರ್ ವ್ಯಾನ್ ಮಾಡಬೇಕು, ಅಂದರೆ ಒಳಗೇ ಮಲಗುವ, ಕೂರುವ, ಒಂದು ಒಲೆ ಇಟ್ಟು ಅಡುಗೆ ಮಾಡುವ ಗಾಡಿ ಆಗಬೇಕು ಎಂದರು. ಮಂಚ, ಕುಶನ್ ಎಲ್ಲ ಆಮೇಲೆ. ಮೊದಲು ಅದರೊಳಗೆ ಶಬ್ದ ಬರಬಾರದು, ಬಿಸಿಲು ಇಳಿಯಬಾರದು.

"ಟೂರ್ ಹೋಗಕ್ಕಾ ಸಾರ್? ಗೋವಾ ಗೀವಾ?" ಎಂದು ಸಿದ್ದಣ್ಣ ಕೇಳಿದ.

ಉತ್ತರ ಸುಧಾ ಹೇಳಿದರು. ನನ್ನ ಕಡೆ ತಿರುಗಿ ಹೇಳಿದರು.

"ಆಂಟಿ, ನಮ್ಮ ಮಗಳಿಗೆ ಹನ್ನೊಂದು ವರ್ಷ. ಆಟಿಸಂ ಇದೆ. ಶಬ್ದ ತಡ್ಕೊಳಕ್ಕೆ ಆಗಲ್ಲ ಅವಳಿಗೆ. ದೀಪಾವಳಿ ಬಂತು ಅಂದ್ರೆ ಮೂರು ದಿನಾನೂ ಬಚ್ಚಲಲ್ಲೇ ಕೂತಿರ್ತಾಳೆ. ಕಿಟಕಿಗೆ ಹಾಸಿಗೆ ಒತ್ತಿ ಹಿಡ್ಕೊಂಡು ನಾನೂ ಕೂತಿರ್ತೀನಿ. ನಮ್ಮನೇಲಿ ಹಬ್ಬ ಅಂದ್ರೆ ಅಷ್ಟೇ. ಈ ಸಲ ಊರಾಚೆ ಹೋಗ್ಬಿಡೋಣ ಅಂತ."

ನಾನು ತಲೆ ಎತ್ತಿ ಅವರ ಮುಖ ನೋಡಿದೆ. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ನಾವು ಬಚ್ಚಲು ತೊಳೆದು, ಹಂಡೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಹೂವು ಏರಿಸಿ ಪೂಜೆ ಮಾಡುತ್ತೇವೆ. ಅದೇ ಜಾಗದಲ್ಲಿ ಒಂದು ಮಗು ಹಬ್ಬವಿಡೀ ಕಿವಿ ಮುಚ್ಚಿಕೊಂಡು ಕೂತಿರುತ್ತದೆ ಎಂದರೆ ಹೇಗೋ ಆಯಿತು.

"ರೂಮ್ ತಗೊಳೋದಲ್ವಾ ಮೇಡಂ, ಎಲ್ಲಾದ್ರೂ ರೆಸಾರ್ಟಲ್ಲಿ?" ಸಿದ್ದಣ್ಣ ಬಿಡಲಿಲ್ಲ.

"ಹೊಸ ಜಾಗದಲ್ಲಿ ಅವಳು ಮಲಗಲ್ಲ. ಈ ವ್ಯಾನ್ ಮನೆ ಮುಂದೇನೇ ನಿಂತಿರುತ್ತೆ, ಅಭ್ಯಾಸ ಆಗುತ್ತೆ. ಆದ್ರೆ ಓಡೋ ಗಾಡಿ ಸದ್ದೂ ಆಗಲ್ಲ ಅವಳಿಗೆ. ಅದಕ್ಕೇ ನಿಮ್ಮ ಹತ್ರ ಬಂದಿದೀವಿ."

"ಮಾಡ್ಕೊಡ್ತೀವಿ" ಎಂದೆ. ಗಿರಾಕಿಗೆ ನಾನೇ ಮೊದಲು ಬಾಯಿ ಬಿಟ್ಟು ಒಪ್ಪಿಕೊಂಡಿದ್ದು ಬಹುಶಃ ಅದೇ ಮೊದಲು. ಸಿದ್ದಣ್ಣ ನನ್ನನ್ನು ಎರಡು ಸಲ ನೋಡಿದ.

ಈ ಕೆಲಸ ಏನೆಂದು ನಿಮಗೆ ಸ್ವಲ್ಪ ಹೇಳಬೇಕು. ಗಾಡಿಯ ಮೈ ಎಂದರೆ ತೆಳು ತಗಡು. ಇಂಜಿನ್ ಓಡಿದಾಗ, ಚಕ್ರ ಉರುಳಿದಾಗ ಆ ತಗಡು ತಮಟೆಯ ಹಾಗೆ ಅದುರುತ್ತದೆ. ಅದುರುವುದನ್ನು ತಡೆಯಲು ಅದಕ್ಕೆ ಡ್ಯಾಂಪಿಂಗ್ ಶೀಟ್ ಅಂಟಿಸುತ್ತೇವೆ. ಒಂದು ಬದಿ ಬೆಳ್ಳಿ ಕಾಗದ, ಇನ್ನೊಂದು ಬದಿ ಅಂಟಂಟಾದ ರಬ್ಬರು, ಎರಡು ಮಿಲಿಮೀಟರ್ ದಪ್ಪ. ತಗಡನ್ನು ಥಿನ್ನರ್ ಹಾಕಿ ಒರೆಸಿ, ಶೀಟ್ ಅಂಟಿಸಿ, ರೋಲರ್‌ನಿಂದ ಒತ್ತಿ ಒತ್ತಿ ಕೂರಿಸಬೇಕು. ಒಂದು ಗುಳ್ಳೆ ಉಳಿದರೂ ಅಲ್ಲಿ ಕೆಲಸ ಕೆಟ್ಟಂತೆ. ಅದರ ಮೇಲೆ ಎಸಿ ಪೈಪುಗಳಿಗೆ ಸುತ್ತುವಂಥ ಕಪ್ಪು ರಬ್ಬರ್ ಫೋಮ್. ಸೀಟಿನ ಸ್ಪಂಜು ನೀರು ಕುಡಿಯುತ್ತದೆ, ಇದು ಕುಡಿಯುವುದಿಲ್ಲ, ಬಿಸಿಲನ್ನೂ ತಡೆಯುತ್ತದೆ. ನೆಲಕ್ಕೆ ತೂಕದ ಮ್ಯಾಟ್. ಬಾಗಿಲಿನ ಅಡಿಯಲ್ಲಿ ಮಳೆನೀರು ಇಳಿಯುವ ಸಣ್ಣ ತೂತುಗಳಿರುತ್ತವೆ, ಅವನ್ನು ಮಾತ್ರ ಮುಚ್ಚಬಾರದು. ಎಲ್ಲದರ ಮೇಲೆ ಪ್ಲೈವುಡ್, ಪ್ಲೈವುಡ್ ಮೇಲೆ ಬಟ್ಟೆ.

ಶೀಟನ್ನು ಇಡೀ ಗಾಡಿಗೆ ಅಂಟಿಸಿದರೆ ತೂಕ ಏರುತ್ತದೆ. ಎಲ್ಲಿ ಬೇಕೋ ಅಲ್ಲಿಗೆ ಹಾಕಬೇಕು. ಅದಕ್ಕೆ ನಾನು ಬೆರಳ ಗೆಣ್ಣಿನಿಂದ ತಗಡು ತಟ್ಟುತ್ತ ಹೋಗುತ್ತಿದ್ದೆ. ಸಂತೆಯಲ್ಲಿ ಮಡಕೆ ತಟ್ಟಿ ಕೊಂಡವಳಿಗೆ ಅದೇನು ಹೊಸತಲ್ಲ. ಲೆಕ್ಕ ಮಾತ್ರ ತಿರುಗುಮುರುಗು. ಮಡಕೆ ಠಣ್ ಎಂದರೆ ಗಟ್ಟಿ, ತಗಡು ಠಣ್ ಎಂದರೆ ತೊಂದರೆ. ಠಣ್ ಎಂದಲ್ಲೆಲ್ಲ ಬಟ್ಟೆಗೆ ಗುರುತು ಹಾಕುವ ಚಾಕಿನಿಂದ ಒಂದು ಅಡ್ಡಗೆರೆ, ಒಂದು ಉದ್ದಗೆರೆ ಎಳೆಯುತ್ತಿದ್ದೆ. ಸಿದ್ದಣ್ಣ ಅಲ್ಲಿ ಶೀಟ್ ಅಂಟಿಸುತ್ತಿದ್ದ.

ಚಾವಣಿ ಮುಗಿಯಿತು, ನೆಲ ಮುಗಿಯಿತು. ಗೋಡೆಯಲ್ಲಿ ಪ್ಲೈವುಡ್ಡಿಗೂ ಫೋಮಿಗೂ ನಡುವೆ ಅಲ್ಲಲ್ಲಿ ಸಂದು ಉಳಿದಿತ್ತು. ಸಿದ್ದಣ್ಣ ಒಂದು ಬೆಳಿಗ್ಗೆ ತಲೆಯ ಮೇಲೆ ಥರ್ಮೊಕೋಲ್ ಹೊತ್ತು ಬಂದ. ಅವರ ಬೀದಿಯ ಗಣಪತಿಗೆ ಆ ವರ್ಷ ಕೈಲಾಸ ಪರ್ವತ ಮಾಡಿದ್ದು ಅವನೇ. ಗಣಪತಿ ಬಿಟ್ಟ ಮೇಲೆ ಹಿಮದ ಗುಡ್ಡಗಳು ಅವನ ಮನೆ ಅಟ್ಟದಲ್ಲಿದ್ದವು.

"ಅಕ್ಕ, ಥರ್ಮೊಕೋಲ್‌ಗಿಂತ ತಂಪು ಯಾವ್ದಿದೆ? ಮೀನು, ಐಸ್‌ಕ್ರೀಮು ಎಲ್ಲ ಇದ್ರಲ್ಲೇ ತಾನೆ ಇಡೋದು? ಶಿವನಿಗೇ ತಂಪು ಮಾಡ್ದೋನು ಈ ಗಾಡಿಗೆ ಮಾಡಲ್ವಾ?"

ನನಗೂ ಸರಿ ಎನಿಸಿತು. ಕೊಯ್ದು ಕೊಯ್ದು ಸಂದುಗಳಿಗೆ ತುಂಬಿದೆವು. ಎಡಗಡೆ ಗೋಡೆಯಲ್ಲಿ ಸಂದು ಹೆಚ್ಚಿತ್ತು, ಕೈಲಾಸದ ಬಹುಭಾಗ ಅಲ್ಲಿಗೇ ಹೋಯಿತು. ಮೇಲೆ ಬಟ್ಟೆ ಹೊದಿಸಿ, ಮಂಚದ ಹಲಗೆಯನ್ನೂ ಕೂರಿಸಿದೆವು.

ಆಯುಧಪೂಜೆ ನಮ್ಮ ಅಂಗಡಿಗೆ ದೊಡ್ಡ ಹಬ್ಬ. ಹೊಲಿಗೆ ಮೆಷಿನ್ನು, ಕತ್ತರಿ, ಡ್ರಿಲ್ಲು, ಸ್ಕ್ರೂಡ್ರೈವರು ಎಲ್ಲವನ್ನೂ ತೊಳೆದು, ಕುಂಕುಮವಿಟ್ಟು ಪೂಜೆಗೆ ಇಟ್ಟೆವು. ವ್ಯಾನಿಗೂ ಬಾಳೆಕಂಬ ಕಟ್ಟಿ ಬೂದುಗುಂಬಳ ಒಡೆದೆವು. ಆಗ ಪ್ರಕಾಶ್, ಸುಧಾ ಮಗಳನ್ನು ಕರೆದುಕೊಂಡು ಬಂದರು. ಹೆಸರು ಚಿನ್ಮಯಿ. ಎರಡು ಜಡೆ, ಕೈಯಲ್ಲೊಂದು ಮಡಿಸಿದ ಟವೆಲ್. ಯಾರ ಮುಖವನ್ನೂ ನೋಡಲಿಲ್ಲ. ಅದು ನನಗೆ ಹಾಯೆನಿಸಿತು. ನಾನೂ ಅವಳ ಟವೆಲ್ಲನ್ನೇ ನೋಡಿದೆ.

ಎಲ್ಲರೂ ಹತ್ತಿದೆವು. ಪ್ರಕಾಶ್ ಚಂದ್ರಾ ಲೇಔಟ್ ಕಡೆಗೆ ಓಡಿಸಿದರು. ಹೊರಗೆ ಆಟೋ ಹಾರನ್ ಹೊಡೆದರೆ ಪಕ್ಕದ ಬೀದಿಯಲ್ಲಿ ಹೊಡೆದಂತೆ ಕೇಳುತ್ತಿತ್ತು. ಮೊದಲು ಕಿರುಚಿಕೊಂಡು ಮಾತಾಡಬೇಕಿದ್ದ ಗಾಡಿಯಲ್ಲಿ ಈಗ ಪಿಸುಮಾತೂ ಕೇಳಿಸುತ್ತಿತ್ತು. ಸಿದ್ದಣ್ಣ ನನ್ನ ಕಡೆ ನೋಡಿ ಮೀಸೆ ತಿರುವಿದ. ಅಷ್ಟರಲ್ಲಿ ಒಂದು ಹಂಪ್ ಬಂತು. ಮುಂದೆ ಇನ್ನೊಂದು. ಚಿನ್ಮಯಿ ಟವೆಲ್ ಕಿವಿಗೆ ಒತ್ತಿಕೊಂಡಳು. ಮೂರನೆಯ ಹಂಪ್ ದಾಟುವಷ್ಟರಲ್ಲಿ ಜೋರಾಗಿ ಅಳುತ್ತಿದ್ದಳು. ಪ್ರಕಾಶ್ ಒಂದು ಪಾರ್ಕಿನ ಪಕ್ಕ ನಿಲ್ಲಿಸಿದರು.

"ಬಿಡಿ ಆಂಟಿ" ಎಂದು ಪ್ರಕಾಶ್ ಹೇಳಿದರು. ಅವರ ದನಿ ಬಿದ್ದುಹೋಗಿತ್ತು. "ನೀವು ಚೆನ್ನಾಗೇ ಮಾಡಿದೀರ. ಇವಳಿಗೇ ಆಗಲ್ಲ. ಈ ವರ್ಷವೂ ಬಚ್ಚಲೇ ನಮಗೆ."

ಸುಧಾ ಮಗಳನ್ನು ಇಳಿಸಿಕೊಂಡು ಪಾರ್ಕಿನ ನೆರಳಿಗೆ ಹೋದರು.

ನಾನು ಒಂದನ್ನು ಗಮನಿಸಿದ್ದೆ. ಮಗು ಎರಡೂ ಕಿವಿ ಮುಚ್ಚಿರಲಿಲ್ಲ. ಎಡಗಿವಿ ಮಾತ್ರ. ಎಲ್ಲ ಶಬ್ದಕ್ಕೂ ಅಳುವ ಮಗು ಒಂದೇ ಕಿವಿ ಯಾಕೆ ಮುಚ್ಚುತ್ತದೆ?

"ಇನ್ನೊಂದು ರೌಂಡ್ ಹೊಡೀರಿ. ಮೆಲ್ಲಗೆ. ಹಂಪ್ ಇರೋ ಕಡೇನೇ ಹೋಗಿ" ಎಂದು ಪ್ರಕಾಶ್‌ಗೆ ಹೇಳಿ, ನೆಲದ ಮೇಲೆ ಕೂತು ಎಡಗೋಡೆಗೆ ಕಿವಿ ಇಟ್ಟೆ. ಮೊದಲ ಹಂಪಿಗೇ ಕೇಳಿಸಿತು. ಕೀಚ್. ಬಳಪ ಸ್ಲೇಟಿನ ಮೇಲೆ ಜಾರಿದ ಹಾಗೆ, ಅದಕ್ಕಿಂತ ಸಣ್ಣಗೆ. ಗಾಡಿಯ ಮೈ ಕೊಂಚ ತಿರುಚಿಕೊಂಡಾಗಲೆಲ್ಲ ಕೀಚ್, ಕೀಚ್. ಸಿದ್ದಣ್ಣನೂ ಕಿವಿ ಇಟ್ಟ. ಅವನ ಮೀಸೆ ಇಳಿಯಿತು.

"ಅಕ್ಕ... ಕೈಲಾಸ ಕಣಕ್ಕ."

ಥರ್ಮೊಕೋಲು ಪ್ಲೈವುಡ್ಡಿಗೆ, ಒಂದಕ್ಕೊಂದು ಉಜ್ಜಿ ಕಿರುಚುತ್ತಿತ್ತು. ಮೊದಲಿನ ಗದ್ದಲದಲ್ಲಾದರೆ ಅದು ಯಾರಿಗೂ ಕೇಳುತ್ತಿರಲಿಲ್ಲ. ದೊಡ್ಡ ಶಬ್ದವನ್ನೆಲ್ಲ ನಾವು ಹೊರಗೆ ಹಾಕಿದ್ದೆವು. ಒಳಗೆ ಉಳಿದದ್ದು ಅದೊಂದೇ.

ಪಾರ್ಕಿನಿಂದ ತಾಯಿ ಮಗಳನ್ನು ಕರೆದುಕೊಂಡು ಅಂಗಡಿಗೆ ಬಂದ ಕೂಡಲೇ ಸಿದ್ದಣ್ಣ ಪೂಜೆಯ ಮಣೆಯತ್ತ ಹೋಗಿ ಸ್ಕ್ರೂಡ್ರೈವರಿಗೆ ಕೈ ಚಾಚಿದ. ಚಾಚಿದ ಕೈ ಹಾಗೇ ನಿಂತಿತು. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿ ಕಳೆಯುವವರೆಗೆ ನಾವು ಮುಟ್ಟುವುದಿಲ್ಲ. ನಿಮ್ಮ ತಾತ ಪಾಲಿಸಿದ ನಿಯಮ, ಅವರಿಗಿಂತ ಮೊದಲಿನದೂ ಹೌದು.

"ಆಯ್ತು, ಬಿಚ್ಚೋದು ಬೇಡ" ಎಂದೆ. "ಎಲ್ಲೆಲ್ಲಿ ಕಿರುಚುತ್ತೆ ಅಂತ ಗುರುತಾದ್ರೂ ಹಾಕೋಣ." ಚಾಕ್ ಪೂಜೆಯಲ್ಲಿರಲಿಲ್ಲ. ಎಂದಿನಂತೆ ನನ್ನ ಸೆರಗಿನ ಗಂಟಿನಲ್ಲಿತ್ತು. ಚಾಕೆಂದರೆ ಕತ್ತರಿಸುವ ಚಾಕುವಲ್ಲ, ಬಟ್ಟೆಗೆ ಗೆರೆ ಎಳೆಯುವ ಸುಣ್ಣದ ಬಿಲ್ಲೆ.

ನಿಂತ ವ್ಯಾನಿನೊಳಗೆ ಅಂಗೈಯಿಂದ ಗೋಡೆ ಒತ್ತುತ್ತ ಹೋದೆ. ಕೀಚ್ ಎಂದಲ್ಲಿ ಒಂದು ಗುರುತು. ನನ್ನ ಕಿವಿಗೆ ವಯಸ್ಸಾಗಿತ್ತು. ಒಂದೊಂದು ಜಾಗದಲ್ಲಿ ನಾಲ್ಕು ಸಲ ಒತ್ತಬೇಕಾಗುತ್ತಿತ್ತು. ಚಿನ್ಮಯಿ ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಒಳಗೆ ಬಂದಳು. ನನ್ನ ಕೈಯಿಂದ ಚಾಕನ್ನು ತೆಗೆದುಕೊಂಡಳು. ನಾನು ಒತ್ತಿ ದಾಟಿ ಬಂದಿದ್ದ ಜಾಗವನ್ನೇ ತಾನು ಒತ್ತಿ, ಮುಖ ಕಿವಿಚಿ, ಅಲ್ಲೊಂದು ಗುರುತು ಹಾಕಿದಳು.

ಸುಧಾ "ಚಿನ್ನೀ, ಬೇಡ ಕಣೇ..." ಎಂದರು.

"ಇರಲಿ ಬಿಡಿ" ಎಂದೆ.

ಆ ಮಧ್ಯಾಹ್ನವೆಲ್ಲ ನಾವಿಬ್ಬರೂ ಆ ಗೋಡೆಯ ಮುಂದೆ ಕಳೆದೆವು. ತಾನೇ ಒತ್ತಿ ಎಬ್ಬಿಸಿದ ಶಬ್ದ ಅವಳನ್ನು ಅಷ್ಟು ನೋಯಿಸುತ್ತಿರಲಿಲ್ಲ ಎಂದು ಕಾಣುತ್ತದೆ. ಅದು ಎಲ್ಲಿಂದ ಬರುತ್ತದೆ, ಯಾವಾಗ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹೊರಡುವ ಹೊತ್ತಿಗೆ ಎಡಗೋಡೆ ತುಂಬ ಗುರುತುಗಳು. ಕೊನೆಯದೊಂದನ್ನು ಹಿಂಬಾಗಿಲ ಮೇಲ್ಗಡೆ, ಚಾವಣಿಯ ಅಂಚಿಗೆ, ಮಂಚದ ಹಲಗೆ ಹತ್ತಿ ಹಾಕಿದ್ದಳು.

ದಶಮಿ ಕಳೆದ ಮರುದಿನ ಗೋಡೆ ಬಿಚ್ಚಿದೆವು. ಒಂದೊಂದು ಗುರುತಿನ ಹಿಂದೆಯೂ ಕೈಲಾಸದ ಒಂದೊಂದು ಚೂರು ಸಿಕ್ಕಿತು. ಎಲ್ಲ ತೆಗೆದು, ಸಂದುಗಳಿಗೆ ಕಪ್ಪು ಫೋಮನ್ನೇ ಮಡಿಸಿ ತುಂಬಿದೆವು. ಹಿಂಬಾಗಿಲ ಮೇಲಿನ ಗುರುತಿಗೆ ಬಂದಾಗ ಸಿದ್ದಣ್ಣ ಕೈ ಕೊಡವಿದ.

"ಅಲ್ಲಿ ನಾನು ಥರ್ಮೊಕೋಲ್ ಹಾಕೇ ಇಲ್ಲಕ್ಕ. ನಿನ್ನಾಣೆ. ಅದನ್ನ ಬಿಚ್ಚಿದ್ರೆ ಚಾವಣಿ ಬಟ್ಟೆ ಪೂರ್ತಿ ಇಳಿಸ್ಬೇಕು."

ಕೆಲಸ ನೋಡಲು ಬಂದಿದ್ದ ಸುಧಾ ಕೂಡ, "ಹೌದು ಆಂಟಿ, ಗುರುತು ಹಾಕೋದು ಆಟ ಅನ್ಸಿ ಅಲ್ಲಿ ಸುಮ್ನೆ ಹಾಕಿರ್ಬೇಕು" ಎಂದರು.

"ಮಿಕ್ಕ ಕಡೆ ಸುಮ್ನೆ ಹಾಕಿಲ್ಲ. ಇಲ್ಲಿ ಯಾಕೆ ಹಾಕ್ತಾಳೆ? ಬಿಚ್ಚು ಸಿದ್ದಣ್ಣ."

ಗೊಣಗುತ್ತ ಬಿಚ್ಚಿದ. ಥರ್ಮೊಕೋಲ್ ಇರಲಿಲ್ಲ. ಹಿಂದಿನ ದೀಪಕ್ಕೆ ಹೋಗುವ ವೈರಿನ ಪ್ಲಾಸ್ಟಿಕ್ ಕ್ಲಿಪ್ಪೊಂದು ಸಡಿಲವಾಗಿ ತಗಡಿಗೆ ತಾಗುತ್ತಿತ್ತು. ಬೆರಳಿಂದ ಮೀಟಿದರೆ ಟಿಕ್, ಟಿಕ್. ಸಿದ್ದಣ್ಣ ಅದಕ್ಕೆ ಬಟ್ಟೆಯ ಪಟ್ಟಿ ಸುತ್ತಿ ಬಿಗಿದ. ಆಮೇಲೆ ಸುಧಾ ಕಡೆ ತಿರುಗಿ, "ಮೇಡಂ, ಸ್ಕೂಲು ಮುಗಿದ್ಮೇಲೆ ನಿಮ್ಮ ಮಗಳನ್ನ ನಮ್ಮ ಅಂಗಡಿಗೇ ಕಳ್ಸಿ. ನನಗೆ ರಿಟೈರ್ಮೆಂಟ್ ಕೊಟ್ಬಿಡ್ಲಿ ಅಕ್ಕ" ಎಂದ. ಸುಧಾ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

ನರಕ ಚತುರ್ದಶಿಯ ಹಿಂದಿನ ದಿನ ವ್ಯಾನ್ ಹೊರಟಿತು. ಶ್ರೀಗಂಧದ ಕಾವಲ್ ದಾಟಿ, ಮಾಗಡಿ ರಸ್ತೆಯಲ್ಲಿ ಮುಂದೆ ಪರಿಚಯದವರ ತೋಟವಿದೆ, ಅಲ್ಲಿ ನಾಲ್ಕು ರಾತ್ರಿ ಎಂದರು. ಚಿನ್ಮಯಿ ಹತ್ತುವ ಮೊದಲು ಗೋಡೆಯನ್ನು ಅಲ್ಲಲ್ಲಿ ಒತ್ತಿ ನೋಡಿದಳು. ಆಮೇಲೆ ಇಳಿದು ಬಂದು ನನ್ನ ಮುಂದೆ ಕೈ ಚಾಚಿದಳು. ಇನ್ನೂ ಎಲ್ಲೋ ಉಳಿದಿದೆಯೆ? ಚಾಕ್ ಕೊಟ್ಟೆ. ಅವಳು ವ್ಯಾನಿನ ಕಡೆ ಹೋಗಲಿಲ್ಲ. ನಮ್ಮ ಅಂಗಡಿಯ ರೋಲಿಂಗ್ ಶಟರಿನ ಕೆಳತುದಿಯಲ್ಲಿ ಒಂದು ಗುರುತು ಹಾಕಿ, ಚಾಕ್ ವಾಪಸ್ ಕೊಟ್ಟು, ವ್ಯಾನ್ ಹತ್ತಿದಳು. ಆ ಶಟರ್ ಎಳೆದರೆ ಇಡೀ ಬೀದಿಗೆ ಕೇಳುತ್ತಿದ್ದದ್ದು ನಿಮ್ಮ ಅಪ್ಪಂದಿರಿಗೆ ನೆನಪಿರಬೇಕು.

ಹಬ್ಬದ ಆ ಮೂರು ದಿನ ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದಾಗಲೆಲ್ಲ ನನ್ನ ಕೈ ತಾನಾಗಿ ಪಕ್ಕದ ಗೋಡೆಗೆ ಹೋಗುತ್ತಿತ್ತು. ಫೋನ್ ಮಾಡಲು ನಾಚಿಕೆ. ಸಿದ್ದಣ್ಣನನ್ನು ಮಾಡು ಎಂದರೆ, "ಅಳ್ತಿದ್ರೆ ಏನ್ ಹೇಳ್ಲಕ್ಕ?" ಎಂದು ಅವನೂ ಮಾಡಲಿಲ್ಲ.

ಬಲಿಪಾಡ್ಯಮಿ ಮುಗಿದ ಮರುದಿನ ಬೆಳಿಗ್ಗೆ ನಾನೂ ಅವನೂ ಅಂಗಡಿ ತೆಗೆಯಲು ಬರುವಷ್ಟರಲ್ಲಿ ವ್ಯಾನ್ ಶಟರಿನ ಮುಂದೆಯೇ ನಿಂತಿತ್ತು. ಸುಧಾ ಮೆಲ್ಲಗೆ ಇಳಿದು, ಬಾಗಿಲನ್ನು ಸದ್ದಾಗದಂತೆ ಒರಗಿಸಿ, ಬಾಯ ಮೇಲೆ ಬೆರಳಿಟ್ಟರು.

"ಮಲಗಿದಾಳೆ ಆಂಟಿ. ದಾರಿಯಲ್ಲೇ ನಿದ್ದೆ ಹೋದಳು. ಓಡೋ ಗಾಡಿಯಲ್ಲಿ!"

"ಪಟಾಕಿ?" ಎಂದೆ.

"ಊರವರು ಹೊಡೆದರು. ಮೊದಲನೇ ದಿನ ಒಂದು ದೊಡ್ಡ ಬಾಂಬಿಗೆ ಬೆಚ್ಚಿಬಿದ್ದಳು. ನಾನು ಟವೆಲ್ ಕೊಡಕ್ಕೆ ಹೋದೆ. ಅವಳು ತಗೊಳ್ಳಲಿಲ್ಲ. ಗೋಡೆ ಮೇಲೆ ಕೈ ಇಟ್ಕೊಂಡು ಸುಮ್ಮನೆ ಕೂತಳು. ಆಮೇಲೆ ಕಿಟಕಿ ಪರದೆ ಸರಿಸಿ ಹೊರಗೆ ಹಚ್ಚಿದ್ದ ಹೂಕುಂಡ ನೋಡಿದಳು ಆಂಟಿ. ಹುಟ್ಟಿದಾಗಿಂದ ಮೊದಲನೇ ಸಲ ನೋಡಿದಳು."

ಸಿದ್ದಣ್ಣ ಮುಖ ತಿರುಗಿಸಿಕೊಂಡು, ಬೀಗದ ಕೈ ತೆಗೆದು ಶಟರಿಗೆ ಬಗ್ಗಿದ. ನಾನು ಅವನ ತೋಳು ಹಿಡಿದೆ. ಅವನ ಕೈಯ ಪಕ್ಕದಲ್ಲೇ ಚಿನ್ಮಯಿಯ ಗುರುತಿತ್ತು.

ಅಂದು ಅಂಗಡಿ ತಡವಾಗಿ ತೆರೆಯಿತು. ಮಗು ಏಳುವವರೆಗೆ ನಾವು ಮೆಟ್ಟಿಲ ಮೇಲೆಯೇ ಕೂತೆವು. ಗಿರಾಕಿಯೊಬ್ಬರು ಸ್ಕೂಟರಿನ ಸೀಟು ಹೊಲಿಸಲು ಬಂದು ಹಾರನ್ನಿಗೆ ಕೈ ಹಾಕಿದಾಗ, ನಾನೇ ಎದ್ದು ಹೋಗಿ, ಅವರ ಮುಖ ನೋಡಿಕೊಂಡು, "ಹೊಡೀಬೇಡಿ, ಮಗು ಮಲಗಿದೆ, ಸ್ವಲ್ಪ ಕೂತ್ಕೊಳ್ಳಿ" ಎಂದೆ. ಅವರೂ ಬಂದು ನಮ್ಮ ಪಕ್ಕ ಮೆಟ್ಟಿಲ ಮೇಲೆ ಕೂತರು.

ಮಧ್ಯಾಹ್ನ ಶಟರಿನ ಎರಡೂ ಕಡೆಯ ಕಂಬಿ ಉಜ್ಜಿ ಗ್ರೀಸ್ ಹಾಕಿಸಿದೆ. ಗುರುತನ್ನು ಒರೆಸಲು ಬಿಡಲಿಲ್ಲ. ಆಮೇಲೆ ನಮ್ಮಲ್ಲಿ ಯಾವ ಗಾಡಿ ಸಿದ್ಧವಾದರೂ, ಒಪ್ಪಿಸುವ ಮುಂಚೆ ಎಲ್ಲರನ್ನೂ ಇಳಿಸಿ ನಾನೊಬ್ಬಳೇ ಒಳಗೆ ಕೂತು ಗೋಡೆಗೆ ಅಂಗೈ ಇಡುತ್ತೇನೆ. ಎಷ್ಟು ಶಬ್ದವನ್ನು ಹೊರಗೆ ಹಾಕಿದೆವು ಎಂದು ನೋಡುವುದಿಲ್ಲ. ಒಳಗೆ ಯಾವುದು ಉಳಿದಿದೆ, ಅದು ಯಾರಿಗೆ ಚುಚ್ಚುತ್ತದೆ ಎಂದು ಕೇಳುತ್ತೇನೆ. ಈ ಕೆಲಸ ನನಗೆ ಕಲಿಸಿದ್ದು ಅದು. ನಿಮ್ಮ ಮನೆಯಲ್ಲಿ ಯಾರಾದರೂ ಒಂದೇ ಕಿವಿ ಮುಚ್ಚಿಕೊಂಡರೆ, ಸುಮ್ಮನಿರು ಎನ್ನುವ ಮೊದಲು ಆ ಕಡೆಯ ಗೋಡೆಗೆ ನೀವೂ ಒಮ್ಮೆ ಕಿವಿ ಇಟ್ಟು ನೋಡಿ.